ಕೆಳಗಿನ ಹಲಗೆಯ ಉಪ್ಪು

"ಅದು ಬಂಗುಡೆ ಅಲ್ಲಪ್ಪಾ, ಹಾಗೆ ಕುತ್ತಿಗೆ ಹಿಡಿದು ಎತ್ತೋಕೆ," ಎಂದರು ನಿರ್ದೇಶಕ ಮುಳಗುಂದ. ಆಮೇಲೆ ಸಮಿತಿಯವರ ಕಡೆ ತಿರುಗಿ, ಹಬ್ಬದೂಟಕ್ಕೆ ಕರೆದವರ ಹಾಗೆ ನಗುತ್ತಾ, "ಕ್ಷಮಿಸಬೇಕು. ಇವನು ನಮ್ಮ ಕಾವಲುಗಾರ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಏಳು ಸಾವಿರ ವರ್ಷ ಅಂದ್ರೆ ತಲೆಗೆ ಹೋಗಲ್ಲ. ಇವನಿಗೂ ಈ ಐಸಿಗೂ ಇರೋ ವ್ಯತ್ಯಾಸ ಇಷ್ಟೇ, ಐಸಿನೊಳಗೆ ಏನಾದರೂ ಮಾಹಿತಿ ಇರುತ್ತೆ," ಎಂದರು.

ಸಮಿತಿಯ ಆರು ಜನ ನಕ್ಕರು. ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಆ ಕೋಣೆಯಲ್ಲಿ ನಗುವನ್ನು ಬಚ್ಚಿಡಲು ಆಗುವುದಿಲ್ಲ, ನಕ್ಕವರ ಬಾಯಿಂದೆಲ್ಲ ಆವಿ ಬರುತ್ತದೆ. ಕಾವಲುಗಾರ ಮಹಾಬಲ ಆರು ಆವಿ ಕಂಡ. ಏಳನೆಯದು ಇಲ್ಲಿನ ವಿಜ್ಞಾನಿ ಡಾ. ಕಸ್ತೂರಿ ಅಣ್ಣಿಗೇರಿಯವರದು. ಸಣ್ಣದು, ತಡೆದು ಬಿಟ್ಟದ್ದು. ಆದರೂ ಆವಿಯೇ.

ಕೋಡಿಕಟ್ಟೆ ಬಂದರಿನವರ ಬಾಯಲ್ಲಿ ಮಹಾಬಲ ಮಾಬ್ಲ ಆಗಿದ್ದ, ಮಾಬ್ಲನ ಸಿಟ್ಟು ಅವರಿಗೆಲ್ಲ ಗೊತ್ತು. ದೋಣಿಯ ಧಣಿಯೊಬ್ಬ ಅವನ ಅಪ್ಪನಿಗೆ ಏಕವಚನದಲ್ಲಿ ಬೈದನೆಂದು ಹದಿನಾರನೇ ವಯಸ್ಸಿಗೇ ಆ ಧಣಿಯ ಅಂಗಿಯ ಕಾಲರು ಕಿತ್ತು ಕೈಗೆ ಕೊಟ್ಟವನು. ಇವತ್ತೂ ಸಿಟ್ಟು ಬಂತು. ಬಂದ ಹಾಗೇ ಇಳಿದು ಹೋಯಿತು. ಯಾಕೆಂದರೆ ಮುಳಗುಂದರು ಬೈದದ್ದು ಅವನು ಹಿಮದಂಡವನ್ನು ಹಿಡಿದ ರೀತಿಗೆ. ಅದೇ ಹಿಮದಂಡಕ್ಕೆ ಅವನು ಆರು ವರ್ಷದ ಹಿಂದೆ ಮಾಡಿದ್ದು ಅವರಿಗೆ ಗೊತ್ತಿರಲಿಲ್ಲ. ದೊಡ್ಡ ತಪ್ಪು ಬಚ್ಚಿಟ್ಟು ಸಣ್ಣದಕ್ಕೆ ಬೈಸಿಕೊಳ್ಳುವವನಿಗೆ ತಿರುಗಿ ಬೀಳುವ ಹಕ್ಕು ಇರುವುದಿಲ್ಲ. ಅವನು ತಲೆ ತಗ್ಗಿಸಿ ದಂಡವನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟ.

ದಕ್ಷಿಣ ಧ್ರುವದ ಬಾಗಿಲು ಮುಚ್ಚಿ ಮೂವತ್ತೊಂದು ವರ್ಷವಾಗಿತ್ತು. ಇನ್ನು ಯಾರೂ ಅಲ್ಲಿ ಕೊರೆಯುವಂತಿಲ್ಲ, ಒಂದು ಬೊಗಸೆ ಹಿಮವನ್ನೂ ತರುವಂತಿಲ್ಲ ಎಂದು ದೇಶಗಳೆಲ್ಲ ಕೂತು ಒಪ್ಪಂದ ಮಾಡಿಕೊಂಡಿದ್ದವು. ಉಳಿದದ್ದೇ ಕಡಿಮೆ, ಅದನ್ನಾದರೂ ಸುಮ್ಮನೆ ಬಿಡೋಣ ಎಂದು. ಅಂದಿನಿಂದ ಧ್ರುವವಿಜ್ಞಾನವೆಂದರೆ ಹಳೆಯದನ್ನೇ ಮತ್ತೆ ಮತ್ತೆ ಓದುವುದು: ಹಿಂದಿನವರು ತಂದ ಹಿಮ, ಹಿಂದಿನವರು ಬರೆದಿಟ್ಟ ಅಂಕಿ. ಹಡಗು ಬೇಕು, ಯಾತ್ರೆಗೆ ಹೋಗಬೇಕು ಅನ್ನುವವರಿಗೆ ಯಾರೂ ಕಾಸು ಬಿಚ್ಚುವುದಿಲ್ಲ. ಇದ್ದದ್ದನ್ನು ಓದುತ್ತೇನೆ ಅನ್ನುವವರಿಗೆ ಮಾತ್ರ ಧನಸಹಾಯ. ನಮ್ಮ ದೇಶದ ಪಾಲಿನ ಹಿಮದಲ್ಲಿ ಎರಡು ಸಾವಿರ ದಂಡಗಳು ಕೋಡಿಕಟ್ಟೆಯ ಹಳೇ ಮೀನಿನ ಶೈತ್ಯಾಗಾರದಲ್ಲಿದ್ದವು. ಒಂದೊಂದೂ ಗಂಡಾಳಿನ ತೋಳಿನಷ್ಟು ದಪ್ಪ, ಒಂದು ಮೀಟರು ಉದ್ದ. ಕಾಗದದಲ್ಲಿ ಹಿಮದಂಡ, ಕೆಲಸದವರ ಬಾಯಲ್ಲಿ ಬರೀ ಕೋಲು.

ಮೊದಲೆಲ್ಲ ಕೋಲಿನ ಹೊರಮೈಯನ್ನು ಗರಗಸದಿಂದ ಕೊಯ್ದು ಬಿಸಾಡಿ, ಒಳಗಿನ ತಿರುಳನ್ನಷ್ಟೇ ಕರಗಿಸಿ ಪರೀಕ್ಷೆ ಮಾಡುತ್ತಿದ್ದರಂತೆ. ಈಗ ಕೊಯ್ಯುವಂತಿಲ್ಲ. ಖರ್ಚಾದ ಹಿಮ ಮತ್ತೆ ಸಿಗುವುದಿಲ್ಲ. ಅದಕ್ಕೇ 'ಒಳಗಣ್ಣು' ಬಂದದ್ದು. ಸೈಕಲ್ ಚಕ್ರದಷ್ಟು ಅಗಲದ ಲೋಹದ ಬಳೆ. ಕೋಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಸರಿಯುತ್ತ ಬೆಳಕು ಬಿಡುತ್ತದೆ. ಬೆಳಕು ಹಿಮವನ್ನು ಹೊಕ್ಕು ಹೊರಬರುವಾಗ ಒಳಗೆ ಎಷ್ಟು ದೂಳು, ಎಷ್ಟು ಗಾಳಿ, ಎಷ್ಟು ಉಪ್ಪು ಎಂದು ಹೊತ್ತು ತರುತ್ತದೆ.

ಬಳೆ ಸರಿಯಿತು. ಪರದೆಯ ಮೇಲೆ ಹಸಿರು ಗೆರೆ ಸಮನಾಗಿ ಹೋಗಿ, ನಡುವಲ್ಲಿ ಒಮ್ಮೆಲೇ ಎದ್ದು ನಿಂತಿತು.

"ಇದೇ ನೋಡ್ರಿ," ಎಂದರು ಕಸ್ತೂರಿ ಮೇಡಂ. ಗದಗಿನ ಕಡೆಯವರು, ಹನ್ನೆರಡು ವರ್ಷದಿಂದ ಇಲ್ಲಿದ್ದರೂ ಮಾತು ಬದಲಾಗಿರಲಿಲ್ಲ. "ಏಳು ಸಾವಿರ ವರ್ಷದ ಹಿಂದ ಒಮ್ಮೆಲೇ ಇಷ್ಟು ಉಪ್ಪು, ಬಯಲಾದ ಕಡಲಿಂದ ಗಾಳಿ ಹೊತ್ತು ತಂದದ್ದು. ಅಂದ್ರ ಧ್ರುವದ ಕಡಲ ದಂಡೀ ಹಿಮ ಸ್ವಲ್ಪ ಸ್ವಲ್ಪ ಕರಗಲಿಲ್ಲ, ಒಂದೇ ಏಟಿಗೆ ಒಡದು ಸಮುದ್ರ ಒಳಗ ನುಗ್ಗೇತಿ. ಒಂದ್ ಸಲ ಆಗಿದ್ದು ಮತ್ತೊಂದ್ ಸಲ ಆಗಬಹುದು. ಹಂಗಾದ್ರ ನಮ್ಮ ಕಡಲು ಮೆಟ್ಟಿಲು ಹತ್ತಿ ಬರೂದಿಲ್ಲ, ಜಿಗದು ಬರತೈತಿ."

ಸಮಿತಿಯ ಅಧ್ಯಕ್ಷೆ ಕಡಿಮೆ ಮಾತಿನ ಹೆಂಗಸು. "ಐದು ಬೇರೆ ಬೇರೆ ಕಡೆ ಕೊರೆದ ಹಿಮ. ನೂರಾರು ಮೈಲಿ ದೂರ. ಐದರಲ್ಲೂ ಸರಿಯಾಗಿ ಅದೇ ಕಾಲದ ಪದರದಲ್ಲಿ ಉಪ್ಪು ಇದೆಯಾ?"

"ಹೌದ್ರಿ. ಹನ್ನೊಂದು ಕೋಲು, ಹನ್ನೊಂದರಾಗೂ. ಅದೇ ನಮ್ಮ ಸಾಕ್ಷಿ."

ಮಾಬ್ಲ ಗೋಡೆ ಕಡೆ ನೋಡುತ್ತಿದ್ದ. ಈ ಶೈತ್ಯಾಗಾರದಲ್ಲಿ ಕೋಲುಗಳನ್ನು ಜೋಡಿಸುವುದು ಎಲ್ಲಿ ಕೊರೆದದ್ದು ಎಂದು ನೋಡಿ ಅಲ್ಲ, ವಯಸ್ಸು ನೋಡಿ. ಹೊಸದು ಮೇಲೆ, ಹಳೆಯದು ಕೆಳಗೆ. ಐದು ಕಡೆಯ ಏಳು ಸಾವಿರ ವರ್ಷದ ಕೋಲುಗಳೆಲ್ಲ ಮೂರನೇ ಕೋಣೆಯ ಒಂದೇ ಹಲಗೆಯ ಮೇಲಿದ್ದವು. ಎಲ್ಲಕ್ಕಿಂತ ಕೆಳಗಿನ ಹಲಗೆ. ಅದು ಅಧ್ಯಕ್ಷೆಯ ಮೊಣಕಾಲಿನ ಹಿಂದೆಯೇ ಇತ್ತು. ತಿರುಗಿ ನೋಡಿದ್ದರೆ ಸಾಕಿತ್ತು.

"ಸರಿ," ಎಂದರು ಅಧ್ಯಕ್ಷೆ. "ಶುಕ್ರವಾರ ಜನರ ಸಭೆ. ಕಾವಲುಗಾರನ ಮಾತು ಕೇಳಿ ಸಹಿ ಹಾಕೋಣ."

ಅದು ಆ ಕಾಲದ ಪದ್ಧತಿ. ಹೊಸ ಹಿಮ ತರುವಂತಿಲ್ಲವಾದ್ದರಿಂದ ಹಳೆಯದು ಕೆಟ್ಟಿಲ್ಲ ಎಂದು ಯಾರೋ ಒಬ್ಬರು ಎದೆ ಮುಟ್ಟಿ ಹೇಳಬೇಕು. ಹೇಳಬೇಕಾದವನು ನಿರ್ದೇಶಕನಲ್ಲ, ವಿಜ್ಞಾನಿಯಲ್ಲ, ದಿನವೂ ಅದರ ಹತ್ತಿರ ಇರುವವನು. ಆ ಸಂಶೋಧನೆಯಿಂದ ಯಾರ ಬದುಕು ಬದಲಾಗುತ್ತದೋ ಅವರೆದುರು ನಿಂತು ಎರಡು ಸಾಲು ಹೇಳಬೇಕು. ಏಳನೇ ಕ್ಲಾಸಿನವನ ಆ ಎರಡು ಸಾಲಿಲ್ಲದೆ ಮುಳಗುಂದರಿಗೆ ಹತ್ತು ವರ್ಷದ ಧನಸಹಾಯ ಸಿಗುವಂತಿರಲಿಲ್ಲ.

ಆರು ವರ್ಷದ ಹಿಂದೆ, ಮೇ ಕೊನೆಯಲ್ಲಿ, ಚಂಡಮಾರುತ ಬಂದಿತ್ತು. ಕರೆಂಟು ಹೋಯಿತು. ಒಂದೂವರೆ ದಿನ ಜನರೇಟರು ಓಡಿತು, ಆಮೇಲೆ ಡೀಸೆಲ್ ಮುಗಿಯಿತು. ಸೇತುವೆಯ ಮೇಲೆ ನೀರು, ಫೋನು ಸತ್ತಿತ್ತು. ಜೊತೆಯವರು ತಂತಮ್ಮ ಮನೆಯ ಹಂಚು ಹಿಡಿದುಕೊಳ್ಳಲು ಓಡಿದ್ದರು. ಮಾಬ್ಲ ಒಬ್ಬನೇ ಹಿಮವೆಲ್ಲ ಇದ್ದ ಮೂರನೇ ಕೋಣೆಯ ಮುಂದೆ ನಿಂತು ಉಷ್ಣಮಾಪಕದ ಮುಳ್ಳು ನೋಡುತ್ತಿದ್ದ. ಸೊನ್ನೆಗಿಂತ ಹದಿನಾಲ್ಕು ಕೆಳಗೆ. ಹನ್ನೊಂದು. ಒಂಬತ್ತು.

ಕೇಳಲು ಯಾರೂ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ. ಐಸಿಗೆ ಉಪ್ಪು ಬೆರೆಸಿದರೆ ಅದು ಬರೀ ಐಸಿಗಿಂತ ಬಹಳ ತಣ್ಣಗಾಗುತ್ತದೆ. ದೂರದ ಮೀನುಗಾರಿಕೆಗೆ ಹೋದಾಗ ಅಪ್ಪ ಪೆಟ್ಟಿಗೆಯಲ್ಲಿ ಹೀಗೇ ಮಾಡುತ್ತಿದ್ದ. ಒಂದು ಪದರ ಪುಡಿ ಐಸು, ಒಂದು ಪದರ ಹರಳುಪ್ಪು, ಮತ್ತೆ ಐಸು. ಪಕ್ಕದ ಐಸು ಕಾರ್ಖಾನೆಯಲ್ಲಿ ದಿಮ್ಮಿಗಳು ಹೇಗೂ ಕರಗಿ ಹೋಗುತ್ತಿದ್ದವು. ಅಕ್ಕ ಜಲಜಳ ಒಣಮೀನಿನ ಶೆಡ್ಡಿನಲ್ಲಿ ಒಂಬತ್ತು ಮೂಟೆ ಉಪ್ಪಿತ್ತು. ಅಕ್ಕ ಒಂದು ಮಾತೂ ಕೇಳದೆ ಕೊಟ್ಟಳು. ಎರಡು ದಿನ ಮರದ ಕೊಡತಿಯಿಂದ ಐಸು ಕುಟ್ಟಿದ, ಹೊತ್ತ, ಉಪ್ಪಿನೊಂದಿಗೆ ಕೋಲುಗಳ ಹಲಗೆಯ ಸುತ್ತ ಸುರಿದ. ಅಂಗೈ ಒಡೆದು ರಕ್ತ ಬಂತು. ಮುಳ್ಳು ಕೆಳಗಿಳಿದು ಹದಿನೇಳಕ್ಕೆ ನಿಂತಿತು. ಕರೆಂಟು ಬರುವ ತನಕ ಅಲ್ಲೇ ನಿಂತಿತು.

ಆದರೆ ಉಪ್ಪುನೀರು ಕೆಳಕ್ಕೇ ಇಳಿಯುವುದು. ಕೆಳಗಿನ ಹಲಗೆಯ ಹನ್ನೊಂದು ಕೋಲುಗಳ ಚೀಲದೊಳಗೆ, ಹಲಗೆ ಬಾಗಿದ್ದ ನಡುಭಾಗದಲ್ಲಿ, ಅದು ನಿಂತಿತ್ತು. ಮಾಬ್ಲ ಕೋಲುಗಳನ್ನು ಬಟ್ಟೆಯಿಂದ ಒರೆಸಿದ, ಹೊಸ ಚೀಲ ಹಾಕಿದ, ನೆಲ ಕೆರೆದ. ಹೊರಗಿನ ವಸ್ತು ಒಳಗೆ ತಂದರೆ ಕೆಲಸದಿಂದ ವಜಾ ಎಂದು ಬಾಗಿಲ ಮೇಲೆಯೇ ಬರೆದಿತ್ತು. ಆ ಮೂರು ದಿನದ ಉಷ್ಣಾಂಶದ ಪುಸ್ತಕದಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ 'ಇಪ್ಪತ್ತೊಂದು' ಎಂದು ಬರೆದ. ಕರಾವಳಿಯ ಬೇರೆರಡು ಹಿಮಾಗಾರಗಳಲ್ಲಿ ಎಲ್ಲವೂ ನೀರಾಗಿ ಹೋಗಿತ್ತು. ಇಲ್ಲಿ ಮಾತ್ರ ಉಳಿದಿತ್ತು. ಮುಳಗುಂದರು ಓಡಿ ಬಂದು, "ಹೇಗೋ ಉಳಿಸಿದೆ?" ಎಂದು ಕೇಳಿದಾಗ, "ಬಾಗ್ಲು ತೆಗೀಲಿಲ್ಲ ಸಾರ್," ಎಂದ. ಅವನಿಗೆ ಶಾಲು ಹೊದಿಸಿದರು. ಕೆಲಸ ಕಾಯಂ ಮಾಡಿದರು.

ಎರಡು ವರ್ಷದ ಹಿಂದೆ ಒಳಗಣ್ಣು ಬಂದು, ಹಸಿರು ಗೆರೆ ಮೊದಲ ಸಲ ಎದ್ದು ನಿಂತಾಗ, ಕಸ್ತೂರಿ ಮೇಡಂ ಕುರ್ಚಿಯಿಂದ ಎದ್ದುಬಿಟ್ಟಿದ್ದರು. ಹಿಂದೆ ಚಹಾದ ಲೋಟ ಹಿಡಿದು ನಿಂತಿದ್ದ ಮಾಬ್ಲನಿಗೆ ಹಲಗೆಯ ನಂಬರು ನೋಡಿದ ಕ್ಷಣವೇ ತಿಳಿದಿತ್ತು. ಹೇಳಲಿಲ್ಲ. ಇಷ್ಟೆಲ್ಲ ಓದಿದವರು, ಅವರಿಗೇ ಗೊತ್ತಾಗದೆ ಇರುತ್ತದಾ ಎಂದುಕೊಂಡ. ಗೊತ್ತಾಗಲಿಲ್ಲ. ಒಂದು ವರ್ಷದೊಳಗೆ ಸರ್ಕಾರ ನಕ್ಷೆಯ ಮೇಲೆ ಗೆರೆ ಎಳೆಯಿತು. ಗೆರೆಗೂ ಕಡಲಿಗೂ ನಡುವಿದ್ದ ಎಂಟು ಊರಿನವರು ಎದ್ದು ಗುಡ್ಡದ ಮೇಲೆ ಹೋಗಬೇಕಾಯಿತು.

ಭಾನುವಾರ ಅವನು ಅಕ್ಕನ ಮನೆಗೆ ಹೋದ. ಕಡಲಿಂದ ಹದಿನಾಲ್ಕು ಕಿಲೋಮೀಟರು ಒಳಗೆ, ಕೆಂಪುಕಲ್ಲಿನ ಬೋಳುಗುಡ್ಡದ ಮೇಲೆ ನವಸಾಗರ ಬಡಾವಣೆ. ಹೆಸರಿಟ್ಟವನಿಗೆ ನಾಚಿಕೆ ಇರಲಿಲ್ಲ. ಭಾವ ಸಂಜೀವ ನಸುಕಿಗೇ ಬಸ್ಸು ಹತ್ತಿ ದೋಣಿಗೆ ಹೋಗುತ್ತಿದ್ದ. ವಾಪಸು ಬರುವಾಗ ವಾಸನೆ ಎಂದು ಕಂಡಕ್ಟರು ಹಿಂದಿನ ಸೀಟಿಗೆ ತಳ್ಳುತ್ತಿದ್ದ. ಜಲಜ ಗೇರುಬೀಜದ ಫ್ಯಾಕ್ಟರಿಗೆ ಸೇರಿದ್ದಳು. ಬೀಜದ ಎಣ್ಣೆಗೆ ಬೆರಳ ತುದಿಯ ಚರ್ಮವೆಲ್ಲ ಸುಟ್ಟು ಕಪ್ಪಾಗಿತ್ತು.

"ಹ್ವಾಯ್, ಕೂಕೋ. ಉಂಡ್ಕಂಡೇ ಹೋಪ್ದ್," ಎಂದಳು. ತಟ್ಟೆಗೆ ಕುಚ್ಚಲಕ್ಕಿ ಅನ್ನ, ಸಿಗಡಿ ಚಟ್ನಿ ಹಾಕಿದಳು. ಅವನು ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದ.

"ಎಂತ, ರುಚಿ ಇಲ್ಯಾ? ಅಂಗ್ಡಿದ್ ಸಿಗ್ಡಿ. ಪ್ಯಾಕೆಟಿಂದ್." ಅವಳು ನಕ್ಕಳು. "ಕೋಡಿಕಟ್ಟೆ ಜಲಜ ಒಣ್ಮೀನ್ ಕೊಂಡ್ಕಂಡ್ ತಿಂಬುದ್ ಕಂಡ್ರೆ ಅಪ್ಪ ಎಂತ ಹೇಳ್ತಿದ್ದ?"

"ಅಕ್ಕ, ನಿಂಗೆ ಇಲ್ಲಿಗ್ ಬಪ್ಪುಕ್ ಮನ್ಸಿತ್ತಾ?"

"ಎಂತ ಕೇಣ್ತೆ ಮಾರಾಯ. ಯಾರಿಗಿತ್ತ್ ಮನ್ಸ್? ನಮ್ಮ ಕೇರಿಯರೆಲ್ಲ ಹೋಪುದಿಲ್ಲ, ಬುಲ್ಡೋಜರಿನ್ ಅಡಿಗ್ ಮಲ್ಗ್ತೊ ಅಂದಿದ್ರ್. ನಾನ್ ಹೇಳ್ದೆ, ನನ್ ತಮ್ಮನೇ ಆ ಐಸ್ ಕಾಂಬುದ್, ಅಂವ ಬಾಯ್ಬಿಟ್ಟ್ ಸುಳ್ಳ್ ಹೇಳುವವ ಅಲ್ಲ ಅಂದೆ. ಮೊದ್ಲ್ ಸಾಮಾನ್ ಕಟ್ಟದ್ದ್ ನಾನೇ. ನನ್ನ್ ಕಂಡ್ ಉಳ್ದರ್ ಎದ್ರ್." ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. "ಉಣ್ಣ್. ಮುಖ ಎಂತಕ್ಕೆ ಹಾಂಗ್ ಮಾಡ್ಕಂಡಿದ್ದೆ?"

ಹೇಳಲೆಂದೇ ಬಂದವನು ಚಟ್ನಿಯನ್ನು ಬೆರಳಿಂದ ಬಳಿದು ಮುಗಿಸಿ, ತಟ್ಟೆ ತೊಳೆದಿಟ್ಟು ಹೊರಟುಬಿಟ್ಟ. ಬಸ್‌ಸ್ಟಾಪಿನಲ್ಲಿ ಮೂರು ಜನ ಅವನನ್ನು ಮಾತಾಡಿಸಿದರು. ಮೂವರೂ ಅವನಿಗೆ ಗೌರವ ಕೊಟ್ಟರು. ಅದು ಮುಳಗುಂದರ ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

ಮರುದಿನ ಬೆಳಿಗ್ಗೆ ಕಸ್ತೂರಿ ಮೇಡಂ ಬರುವುದನ್ನೇ ಕಾದು, ಪ್ರಯೋಗಾಲಯದ ಬಾಗಿಲು ಹಾಕಿ, ನಿಂತೇ ಎಲ್ಲ ಹೇಳಿದ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಉಪ್ಪಿನ ಮೂಟೆಯಿಂದಲೇ ಶುರು ಮಾಡಿದ. ಅವರು ಮೊದಲು ನಂಬಲಿಲ್ಲ.

"ಮೀನಿನ ಉಪ್ಪು ಅಂದ್ರ ಗೊತ್ತಾಗತಿತ್ತಪಾ. ಒಳಗಣ್ಣಿಗೆ ಸಮುದ್ರದ ಉಪ್ಪು ಬ್ಯಾರೆ, ಗಣಿ ಉಪ್ಪು ಬ್ಯಾರೆ ಕಾಣತೈತಿ."

"ನಮ್ದು ಗದ್ದೇಲಿ ಕಡಲ ನೀರು ಕಟ್ಟಿ ತೆಗ್ದ ಉಪ್ಪು ಮೇಡಂ. ಸಮುದ್ರದ್ದೇ."

ಅವರು ಪರದೆಯ ಮೇಲೆ ಹಸಿರು ಗೆರೆಯನ್ನು ತೆರೆದು ಮತ್ತೊಮ್ಮೆ ನೋಡಿದರು. ಆಮೇಲೆ, "ಒಂದು ಕೋಲು ತಗೊಂಡ್ ಬಾ," ಎಂದರು. ತಂದ. ಕಪಾಟಿನ ಮೂಲೆಯಿಂದ ಹಳೇ ಗರಗಸ ತೆಗೆದರು. ನಿಯಮದ ಪ್ರಕಾರ ಕೊಯ್ಯುವಂತಿರಲಿಲ್ಲ. ಕೊಯ್ದರು. ತುಂಡನ್ನು ದೀಪಕ್ಕೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿ, ಅವನ ಕೈಗೆ ಕೊಟ್ಟರು. ಅಷ್ಟು ಆಳದಿಂದ ಮೇಲೆ ತಂದ ಹಿಮದೊಳಗೆ ಕೂದಲೆಳೆಯಂಥ ಬಿರುಕುಗಳಿರುತ್ತವೆ. ಅವನೂ ಕಂಡ. ಪದರದಲ್ಲಿ ಉಪ್ಪಿರಲಿಲ್ಲ, ಬಿರುಕುಗಳಲ್ಲಿತ್ತು. ಹೊರಗಿನಿಂದ ಒಳಗೆ, ಮರದ ಬೇರು ಇಳಿದ ಹಾಗೆ ಇಳಿದಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ಮೂರು ದಿನ ಕರೆಂಟು ಇರಲಿಲ್ಲ ಅಂತ ವಿದ್ಯುತ್ ಇಲಾಖೆ ಪುಸ್ತಕದಾಗ ಐತಿ," ಎಂದರು ಮೆಲ್ಲಗೆ. "ಇಪ್ಪತ್ತೊಂದು ಡಿಗ್ರಿ ಅಂತ ನಿನ್ನ ಪುಸ್ತಕದಾಗ ಐತಿ. ಎರಡೂ ಓದೀನಿ ನಾನು. ಹಳೇ ದಾಖಲೆ ಓದೂದ ನನ್ನ ಕೆಲಸ. ಎರಡನ್ನೂ ಒಂದ ಮೇಜಿನ ಮ್ಯಾಲೆ ಇಟ್ಟು ನೋಡಲಿಲ್ಲ. ಹೆಂಗ ಉಳಿಸಿದಿ ಅಂತ ನಿನ್ನ ಒಂದ ಸಲ ಕೂತು ಕೇಳಲಿಲ್ಲ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊನ್ನೆ ಎಲ್ಲಾರ ಮುಂದ ಸರ್ ನಿನಗ ಹಂಗ ಅಂದಾಗ ನಾನೂ ನಕ್ಕೆ."

"ಕಂಡೆ ಮೇಡಂ," ಎಂದ ಮಾಬ್ಲ.

ಇಬ್ಬರೂ ಮುಳಗುಂದರ ಕೋಣೆಗೆ ಹೋದರು. ಅವರು ಎಲ್ಲ ಕೇಳಿ, ಎದ್ದು ಫ್ಯಾನು ಜೋರು ಮಾಡಿ, ಮತ್ತೆ ಕೂತರು. ಮೊದಲ ಸಲ ಅವನಿಗೆ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ.

"ಮಹಾಬಲ, ನಿನ್ನ ಕೆಲಸ ಹೋಗುತ್ತೆ ಅಂತ ಹೆದರಿಸ್ತಾ ಇಲ್ಲ. ಕೋಲುಗಳ ಕಥೆ ಹೇಳ್ತಿದೀನಿ. ಹನ್ನೊಂದು ಕೆಟ್ಟಿವೆ ಅಂದ್ರೆ ಉಳಿದ ಎರಡು ಸಾವಿರವನ್ನು ಯಾರು ನಂಬ್ತಾರೆ? ಧನಸಹಾಯ ನಿಲ್ಲುತ್ತೆ. ಕರೆಂಟು ಕಟ್ ಮಾಡ್ತಾರೆ. ಇಡೀ ಧ್ರುವ ನಮ್ಮ ಚರಂಡೀಲಿ ಹರಿದು ಹೋಗುತ್ತೆ. ಅದಕ್ಕೋಸ್ಕರ ತಾನೆ ನೀನು ಎರಡು ದಿನ ಕೈ ಒಡ್ಕೊಂಡಿದ್ದು?"

ಇದು ಸುಳ್ಳಾಗಿರಲಿಲ್ಲ. 

"ಅಷ್ಟಕ್ಕೂ ಕಡಲು ಏರ್ತಾ ಇರೋದು ನಿಜ ತಾನೆ?" ಎಂದರು ಮುಳಗುಂದರು.

"ಏರ್ತಾ ಉಂಟು ಸಾರ್," ಎಂದ ಮಾಬ್ಲ. "ಜಿಗಿದು ಬರ್ತದೆ ಅಂದದ್ದು ನನ್ನ ಉಪ್ಪು."

"ಎರಡು ಸಾಲು. ಅಷ್ಟು ಹೇಳಿ ಇಳಿ. ಆಮೇಲೆ ನಾವು ಒಳಗೊಳಗೇ ಸರಿ ಮಾಡೋಣ."

ಕಸ್ತೂರಿ ಮೇಡಂ ಏನಾದರೂ ಹೇಳುತ್ತಾರೆಂದು ಅವನು ಕಾದ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಹನ್ನೆರಡು ವರ್ಷದ ಕೆಲಸ ಅವರದೂ ಅಲ್ಲೇ ಕರಗುತ್ತಿತ್ತು.

ಶುಕ್ರವಾರ ನವಸಾಗರದ ಸಮುದಾಯ ಭವನ ತುಂಬಿತ್ತು. ಎಂಟು ಊರಿನವರು ಬಂದಿದ್ದರು, ಎರಡನೇ ಹಂತದಲ್ಲಿ ಏಳಬೇಕಾದ ಇನ್ನೂ ಐದು ಊರಿನವರೂ ಬಂದಿದ್ದರು. ಜಲಜ ಮುಂದಿನ ಸಾಲಿನಲ್ಲಿ, ಮದುವೆಗೆ ಉಡುವ ಸೀರೆ ಉಟ್ಟು ಕೂತಿದ್ದಳು. ತಮ್ಮ ವೇದಿಕೆ ಹತ್ತುತ್ತಾನೆಂದು. ಅಧ್ಯಕ್ಷೆ ಅವನ ಕೈಗೆ ಬರೆದ ಚೀಟಿ ಕೊಟ್ಟರು.

ಅವನು ಮೊದಲ ಸಾಲು ಓದಿದ. "ಈ ಹಿಮ ನನ್ನ ಕಾವಲಿಗೆ ಬಂದಂದಿನಿಂದ ಕರಗಿಲ್ಲ."

ಎರಡನೇ ಸಾಲು, ಬೇರೇನೂ ಇದನ್ನು ಮುಟ್ಟಿಲ್ಲ ಎಂಬುದು. ಬಾಯಿ ತೆರೆದ. ಅಕ್ಕ ಪಕ್ಕದವಳ ಮೊಣಕೈ ತಿವಿದು ತನ್ನನ್ನು ತೋರಿಸುತ್ತಿದ್ದುದು ಕಂಡಿತು.

"ಮುಟ್ಟಿದೆ," ಎಂದ. "ನಾನೇ ಮುಟ್ಟಿಸಿದ್ದು."

ಎಲ್ಲ ಹೇಳಿದ. ಚಂಡಮಾರುತ, ಐಸು, ಉಪ್ಪು, ಒರೆಸಿದ್ದು, ಸುಳ್ಳು ಬರೆದದ್ದು, ಗೊತ್ತಾದ ಮೇಲೂ ಎರಡು ವರ್ಷ ಬಾಯಿ ಮುಚ್ಚಿಕೊಂಡದ್ದು. ಉಪ್ಪು ಯಾರದೆಂದು ಮಾತ್ರ ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ, ಮುಂದಿನ ಸಾಲಿನಲ್ಲಿ ಒಬ್ಬಳ ಮುಖ ಬಿಳಿಚಿತ್ತು. ಮುಳಗುಂದರು ತಮ್ಮ ಮುಂದಿನ ಕಾಗದಗಳನ್ನು ಜೋಡಿಸಿದರು, ಮತ್ತೆ ಜೋಡಿಸಿದರು.

ಹಿಂದಿನಿಂದ ಯಾರೋ, "ಹಾಂಗಾರೆ ನಮ್ಮನಿ ಕೆಡುಕ್ ಬುಲ್ಡೋಜರ್ ಬಂದದ್ದ್ ಮೀನಿಗ್ ಹಾಕು ಉಪ್ಪಿಂದಾ?" ಎಂದರು. ನಾಲ್ಕಾರು ಜನ ನಕ್ಕರು. ಇಲ್ಲಿ ಸೆಕೆ, ಆವಿ ಕಾಣಲಿಲ್ಲ. ಆದರೂ ಅವನಿಗೆ ಒಬ್ಬೊಬ್ಬರ ನಗುವೂ ಬೇರೆ ಬೇರೆಯಾಗಿ ಕೇಳಿತು.

ಅಧ್ಯಕ್ಷೆ ಕಸ್ತೂರಿ ಮೇಡಂ ಕಡೆ ತಿರುಗಿದರು. "ಈ ಹನ್ನೊಂದನ್ನು ಬಿಟ್ಟು ನೋಡಿದರೆ? ಆ ಕಾಲದ ಬೇರೆ ಹಿಮ ಏನು ಹೇಳುತ್ತೆ?"

ಮೇಡಂ ಎದ್ದು ನಿಂತರು. "ಆ ಕಾಲದ್ದು ಇದ್ದದ್ದ ಅಷ್ಟು, ಬ್ಯಾರೆ ದೇಶದವರ ಪಾಲಿಗೆ ಆ ಪದರ ಬಂದಿಲ್ಲ. ನಮ್ಮ ಉಳದೆರಡು ಹಿಮಾಗಾರದ್ದು ಅದ ಚಂಡಮಾರುತದಾಗ ಕರಗಿ ಹೋತು. ಮೊದಲು ಈ ಹನ್ನೊಂದರೊಳಗ ಏನಿತ್ತು ಅನ್ನೂದು ಈಗ ಓದಲಿಕ್ಕ ಬರೂದಿಲ್ಲ. ಉಪ್ಪಿನ ಮ್ಯಾಲೆ ಉಪ್ಪು ಕೂತೈತಿ."

"ಹೊಸದು ತರಲು..."

"ಬರೂದಿಲ್ಲ."

ಅಧ್ಯಕ್ಷೆ ಪೆನ್ನಿನ ಮುಚ್ಚಳ ಹಾಕಿದರು. ಸಭೆ ಗುಜುಗುಜು ಅಂದಿತು. ಆಗ ಜಲಜ ಎದ್ದಳು. ಎದ್ದವಳನ್ನು ನೋಡಿ ಉಳಿದವರು ತಾವಾಗಿಯೇ ಸುಮ್ಮನಾದರು. ಅವಳು ವೇದಿಕೆಯ ದೊಡ್ಡವರ ಕಡೆ ನೋಡಲಿಲ್ಲ.

"ಮಾಬ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹಾಂಗಾರೆ ಕಡ್ಲ್ ಬತ್ತಿಲ್ಯಾ?"

ಅವನು ಚೀಟಿಯನ್ನು ಮೇಜಿನ ಮೇಲಿಟ್ಟ.

"ಸಣ್ಣ ಮಾತ್ ಕೇಣ್ತಿದ್ದೆ ಮಾರಾಯ. ಮನೆ ಹೋಯ್ತ್, ಹೋಗ್ಲಿ, ಗುಡಿಸಲಾದ್ರೂ ಕಟ್ಟುವ. ಈ ಮಕ್ಳನ್ನ್ ಕಟ್ಕಂಡ್ ವಾಪಸ್ ಹೋಪ್ದಾ, ಇಲ್ಲೇ ಇಪ್ದಾ? ಅದೊಂದ್ ಹೇಳ್. ನೀ ಹೇಳಿದ್ದ್ ಕೇಣ್ತೆ."

ಹೋಗಿ ಎಂದರೆ, ಒಂದು ದಿನ ಕಡಲು ನಿಜಕ್ಕೂ ಜಿಗಿದು ಬಂದರೆ ಆ ಮಕ್ಕಳು. ಇರಿ ಎಂದರೆ, ಬರದೇ ಇದ್ದ ಕಡಲಿಗೆ ಹೆದರಿ ಇವಳ ಬೆರಳು ಇನ್ನು ಮೂವತ್ತು ವರ್ಷ ಗೇರೆಣ್ಣೆಯಲ್ಲಿ. ಭೂಮಿಯ ಮೇಲೆ ಈ ಪ್ರಶ್ನೆಗೆ ಉತ್ತರ ಬರೆದಿದ್ದದ್ದು ಹನ್ನೊಂದು ಕಡೆ ಮಾತ್ರ. ಅದನ್ನು ಏಳು ಸಾವಿರ ವರ್ಷ ಹಿಮ ಕಾದಿತ್ತು. ಅವನು ಎರಡು ದಿನ ಕಾದಿದ್ದ.

ಮಾಬ್ಲ ವೇದಿಕೆಯ ಮೆಟ್ಟಿಲಿಳಿದ. ಕುರ್ಚಿಗಳ ನಡುವೆ ಜನ ಕಾಲು ಹಿಂದೆಗೆದುಕೊಂಡು ದಾರಿ ಬಿಟ್ಟರು. ಅಕ್ಕನ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಅವಳು ಕೈ ಚಾಚಲಿಲ್ಲ, ಅಡ್ಡವೂ ನಿಲ್ಲಲಿಲ್ಲ, ಅವನ ಬಾಯನ್ನೇ ನೋಡುತ್ತ ಕಾದಳು.

ಅವನು ಬಾಗಿಲು ದಾಟಿ ಬಿಸಿಲಿಗೆ ಇಳಿದ. "ಮಾಬ್ಲ," ಎಂದು ಒಳಗಿಂದ ಇನ್ನೊಂದು ಸಲ ಕೇಳಿಸಿತು. ಅವನು ಕೆಂಪುಕಲ್ಲಿನ ಗುಡ್ಡದ ಇಳಿಜಾರು ಹಿಡಿದು ನಡೆದ.